ತಮ್ಮನನ್ನು ಬೇಕರಿ ಕೆಲಸಕ್ಕೆ ಕಳಿಸುತ್ತಿದ್ದೇವೆ, ಏನೇನು ತಯಾರಿ ಬೇಕು?

ಕೇಳಿದವರು: ಅಕ್ಕ, ಶಿವಮೊಗ್ಗ

ತಮ್ಮನಿಗೆ 23 ವರ್ಷ. ಬೌದ್ಧಿಕ ಅಂಗವೈಕಲ್ಯ, ಯುಡಿಐಡಿ ಕಾರ್ಡಿನಲ್ಲಿ (ಅಂಗವಿಕಲರ ಗುರುತಿನ ಚೀಟಿ) ಶೇ. 60 ಎಂದಿದೆ. ವಿಶೇಷ ಶಾಲೆ ಮುಗಿದು ಎರಡು ವರ್ಷದಿಂದ ಮನೆಯಲ್ಲೇ ಇದ್ದಾನೆ. ಪರಿಚಯದ ಬೇಕರಿಯವರು ರಸ್ಕ್ ಪ್ಯಾಕಿಂಗಿಗೆ ಒಂದು ತಿಂಗಳು ಕಳಿಸಿ, ನೋಡೋಣ ಅಂದಿದ್ದಾರೆ. ಐದರ ಮೇಲೆ ಎಣಿಕೆ ತಪ್ಪುತ್ತದೆ. ಬಸ್ಸಿನಲ್ಲಿ ಒಬ್ಬನೇ ಓಡಾಡಿಲ್ಲ. ಆಗೊಮ್ಮೆ ಈಗೊಮ್ಮೆ ಫಿಟ್ಸ್ ಬರುತ್ತದೆ, ಮಾತ್ರೆ ತಗೊಳ್ತಾನೆ. ತಿಳಿದವರು ದಾರಿ ಹೇಳಿ.

ವಿಶೇಷ ಶಿಕ್ಷಕಿ, ದಾವಣಗೆರೆ

ಎಣಿಕೆ ಕಲಿತ ಮೇಲೆ ಕೆಲಸ ಅಂತ ಕಾಯಬೇಡಿ ಅಕ್ಕ, ಎಣಿಕೆಯನ್ನೇ ಕೆಲಸದಿಂದ ತೆಗೆದುಬಿಡಿ. ಪ್ಯಾಕೆಟ್ಟಿಗೆ ಹತ್ತು ರಸ್ಕ್ ಹೋಗುವುದಾದರೆ ಹತ್ತು ಮನೆಯ ಒಂದು ತಟ್ಟೆ ಮಾಡಿಸಿ, ಮನೆಗೊಂದು ರಸ್ಕ್. ಎಲ್ಲ ಮನೆ ತುಂಬಿದರೆ ಹತ್ತಾಯಿತು. ಮನೆ ಎರಡು ರಸ್ಕ್ ಹಿಡಿಯುವಷ್ಟು ಅಗಲ ಇರಬಾರದು, ಒಂದರಲ್ಲೇ ಎರಡು ಕೂತುಬಿಡುತ್ತವೆ. ಸ್ಟೀಲಿನದಾದರೆ ತೊಳೆಯಲು ಸುಲಭ. ಮರದ್ದು ಬೇಡ, ಪುಡಿ ಸಂದಿಗೆ ಸೇರಿ ಇರುವೆ ಮುತ್ತುತ್ತವೆ.

ತೂಕ ನೋಡುವ ಕೆಲಸ ಇದ್ದರೆ ಬೇರೆಯವರಿಗೆ ಬಿಡಿಸಿ. ಇಷ್ಟರಿಂದ ಇಷ್ಟರೊಳಗೆ ಇರಬೇಕು ಎಂಬ ಅಂದಾಜು ಅವನಿಗೆ ಕಷ್ಟ. ಬದಲಿಗೆ ಟ್ರೇ ಒರೆಸುವುದು, ಕ್ರೇಟ್ ಜೋಡಿಸುವುದು ಅವನ ಪಾಲಿಗೆ ಬರಲಿ. ಮಾಲೀಕರ ಹತ್ತಿರ ಈ ಹಂಚಿಕೆಯನ್ನು ಮೊದಲೇ ಮಾತಾಡಿ. ಆಮೇಲೆ ಕೇಳಿದರೆ ವಿನಾಯಿತಿ ಕೇಳಿದಂತೆ ಕಾಣುತ್ತದೆ.

ಅವನು ಹೋಗುವ ಮುಂಚೆ ನೀವೇ ಎರಡು ಗಂಟೆ ಅಲ್ಲಿ ಕೂತು ಆ ಕೆಲಸ ಮಾಡಿ, ಕೈ ಮಾಡುವ ಪ್ರತಿಯೊಂದನ್ನೂ ಬರೆದುಕೊಳ್ಳಿ: ಕೈ ತೊಳೆ, ಒರೆಸಿಕೋ, ಟೋಪಿ ಹಾಕು, ತಟ್ಟೆ ಮುಂದಿಟ್ಟುಕೋ, ರಸ್ಕ್ ಜೋಡಿಸು, ಮುರಿದದ್ದನ್ನು ಕೆಂಪು ಡಬ್ಬಿಗೆ ಹಾಕು, ಕವರ್ ಬಾಯಿ ಬಿಡಿಸು, ತುಂಬು, ಸೀಲ್ ಮಾಡು, ಕ್ರೇಟಿಗಿಡು. ಹೆಚ್ಚಿನವರು ಎಡವುವುದು ಕವರ್ ಬಾಯಿ ಬಿಡಿಸುವಲ್ಲಿ. ಒಣ ಬೆರಳಿಗೆ ಪ್ಲಾಸ್ಟಿಕ್ ಜಾರುತ್ತದೆ, ಬೆರಳು ಎಂಜಲು ಮಾಡಿಕೊಳ್ಳುವ ಅಭ್ಯಾಸವೂ ಅಲ್ಲೇ ಶುರುವಾಗುತ್ತದೆ. ನೋಟು ಎಣಿಸುವವರು ಇಟ್ಟುಕೊಳ್ಳುವಂಥ ಒದ್ದೆ ಸ್ಪಂಜು ಪಕ್ಕದಲ್ಲಿಡಿ. ಕವರಿನ ಒಳಗೆ ನೀರು ತಾಗದ ಹಾಗೆ ಹೊರಗಿನ ಅಂಚನ್ನು ಮಾತ್ರ ಉಜ್ಜಲಿ.

ಉದ್ಯೋಗ ತರಬೇತುದಾರ, ಬೆಂಗಳೂರು

ಮೇಡಂ, ಕಲಿಸುವಾಗ ಬಾಯಿ ಕಟ್ಟಿಕೊಳ್ಳುವುದೇ ಕಷ್ಟದ ಕೆಲಸ. ಅವನು ನಿಂತುಬಿಟ್ಟರೆ ಮೊದಲು ಐದು ಸೆಕೆಂಡ್ ಸುಮ್ಮನಿರಿ. ಆಗದಿದ್ದರೆ ಬೆರಳಲ್ಲಿ ತೋರಿಸಿ. ಅದೂ ಸಾಲದಿದ್ದರೆ ಒಂದೇ ಮಾತು, ಆಮೇಲೆ ಮಾಡಿ ತೋರಿಸುವುದು, ಕೊನೆಗೆ ಕೈ ಹಿಡಿದು ಮಾಡಿಸುವುದು. ಮೊದಲಿಂದಲೇ 'ಈಗ ಇದು ಮಾಡು, ಈಗ ಅದು ಮಾಡು' ಅಂತ ಹೇಳುತ್ತಿದ್ದರೆ ನಿಮ್ಮ ಮಾತೇ ಕೆಲಸದ ಒಂದು ಭಾಗವಾಗುತ್ತದೆ. ನೀವಿಲ್ಲದ ದಿನ ಕೈ ಓಡುವುದಿಲ್ಲ.

ಒಂದು ಹಾಳೆಯಲ್ಲಿ ಆ ಹತ್ತು ಹಂತ ಬರೆದು, ದಿನಕ್ಕೊಂದು ಸಾಲಿನಂತೆ ಪ್ರತಿ ಹಂತದ ಎದುರು 'ತಾನೇ', 'ಸನ್ನೆ', 'ಮಾತು', 'ತೋರಿಸಿ', 'ಕೈ ಹಿಡಿದು' ಎಂದು ಗುರುತು ಹಾಕಿ. ಒಂದೇ ಹಂತ ಮೂರು ದಿನವಾದರೂ ಅಲ್ಲೇ ನಿಂತಿದ್ದರೆ ಅವನನ್ನು ಬೈದು ಪ್ರಯೋಜನವಿಲ್ಲ, ಆ ಹಂತವನ್ನು ಎರಡಾಗಿ ಒಡೆಯಿರಿ ಅಥವಾ ಸಾಮಾನಿನ ಜಾಗ ಬದಲಿಸಿ. ತಿಂಗಳ ಕೊನೆಗೆ ಮಾಲೀಕರ ಮುಂದಿಡಲು ಈ ಹಾಳೆಯಷ್ಟು ಬಲವಾದದ್ದು ಬೇರಿಲ್ಲ.

ನೀವು ಹಿಂದೆ ಸರಿಯುವ ಲೆಕ್ಕವನ್ನೂ ಮೊದಲ ದಿನವೇ ಹಾಕಿ. ಮೊದಲ ವಾರ ಪಕ್ಕದಲ್ಲಿ, ಎರಡನೇ ವಾರ ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ, ಮೂರನೇ ವಾರ ಬೆಳಿಗ್ಗೆ ಒಂದು ಗಂಟೆ ಮಾತ್ರ, ನಾಲ್ಕನೆಯದರಲ್ಲಿ ಫೋನು. ಮೇಸ್ತ್ರಿ ಏನಾದರೂ ಹೇಳಬೇಕಾದರೆ ನಿಮ್ಮ ಮುಖ ನೋಡುತ್ತಾರೆ, ಎಲ್ಲ ಕಡೆ ಆಗುವುದು ಇದೇ. ಆಗ ನೀವು ಉತ್ತರ ಕೊಡದೆ ತಮ್ಮನ ಕಡೆ ತಿರುಗಿ. ಅವನ ಪಕ್ಕ ಕೂರುವವರಲ್ಲಿ ತಾಳ್ಮೆಯ ಒಬ್ಬರನ್ನು ಗುರುತಿಸಿ ಈ ಕಲಿಸುವ ಕ್ರಮವನ್ನು ಅವರಿಗೆ ಒಪ್ಪಿಸಿ.

ತಿಂಡಿ ತಯಾರಿ ಘಟಕದವರು, ಹುಬ್ಬಳ್ಳಿ

ಸೀಲಿಂಗ್ ಬಗ್ಗೆ ಹೇಳ್ತೀನ್ರೀ. ಕೈಯಿಂದ ಒತ್ತೋ ಮಷೀನಿನಾಗ ದೀಪ ಆರಿದ ಮ್ಯಾಲೂ ಒಂದೆರಡು ಸೆಕೆಂಡ್ ಒತ್ತಿ ಹಿಡೀಬೇಕು. ದೀಪ ಆರಿದ ಕೂಡ್ಲೇ ಎತ್ತಿದ್ರ ಅಂಟು ಬಿಸಿ ಇರೋದ್ರಿಂದ ಬಿಟ್ಟುಕೊಳ್ತದ, ಒಳಗ ಗಾಳಿ ಹೋಗಿ ರಸ್ಕ್ ಮೆತ್ತಗಾಗ್ತಾವು. 'ದೀಪ ಆರಿತು, ಒಂದು, ಎರಡು, ಎತ್ತು' ಅನ್ನೋ ತಾಳ ಹಾಕಿ ಕಲಿಸ್ರಿ, ಎರಡರ ತನಕ ಎಣಿಕಿ ಬರ್ತದಲ್ಲ. ಕಾವಿನ ತಿರುಗಣಿ ಮ್ಯಾಲ ಟೇಪ್ ಹಚ್ಚಿಬಿಡ್ರಿ, ಯಾರೂ ತಿರುವಬಾರದು. ರಸ್ಕ್ ಪೂರಾ ಆರೇದ ಅಂತ ಇನ್ನೊಬ್ಬರು ನೋಡಿ ಕೊಟ್ಟ ಮ್ಯಾಲೇ ಅವನ ಮುಂದ ಬರಲಿ. ಬಿಸಿ ತುಂಬಿದ್ರ ಕವರಿನೊಳಗ ಬೆವರು ಬಂದು ಬೂಜು ಹಿಡೀತದ, ತಪ್ಪು ಪ್ಯಾಕ್ ಮಾಡಿದವನ ಮ್ಯಾಲೆ ಬರ್ತದ.

ಮೊದಲ ವಾರ ಮೂರು ತಾಸು ಸಾಕು. ಪ್ಯಾಕೆಟ್ ಲೆಕ್ಕದ ಕೂಲಿಗೆ ಒಪ್ಪಬ್ಯಾಡ್ರಿ, ಕಲಿಯೋವಾಗ ಕೈಗೆ ಏನೂ ಹತ್ತೂದಿಲ್ಲ. ತಾಸಿನ ಲೆಕ್ಕದಾಗ, ಹೊಸದಾಗಿ ಸೇರಿದ ಬೇರೆಯವರಿಗೆ ಎಷ್ಟೋ ಅಷ್ಟೇ ಕೇಳ್ರಿ. ಪುಕ್ಕಟೆ ಕಳಿಸಿದ್ರ ಆ ತಿಂಗಳು ಮುಗಿಯೂದೇ ಇಲ್ಲ. ಯಾವ ತಾರೀಖಿನಿಂದ ಯಾವ ತಾರೀಖಿನ ತನಕ ಅಂತ ಒಂದು ಚೀಟಿಯಾಗ ಬರಸ್ರಿ.

ನರ್ಸ್, ಮೈಸೂರು

ಫಿಟ್ಸ್ ಇರುವುದನ್ನು ಬಚ್ಚಿಡಬೇಡಿ. ಓವನ್, ಎಣ್ಣೆ ಬಾಣಲೆ, ಹಿಟ್ಟು ಕಲಸುವ ಮಷೀನಿನಿಂದ ದೂರ ಅವನ ಮೇಜು ಇರಲಿ, ಎತ್ತರದ ಸ್ಟೂಲು ಬೇಡ. ಜೊತೆಯವರಿಗೆ ಇಷ್ಟು ಹೇಳಿಕೊಡಿ: ಸುತ್ತಲಿನ ಸಾಮಾನು ಸರಿಸಿ, ತಲೆಯಡಿ ಬಟ್ಟೆ ಇಟ್ಟು, ಒಂದು ಮಗ್ಗುಲಿಗೆ ತಿರುಗಿಸಿ, ಗಡಿಯಾರ ನೋಡಿ. ಕೈಗೆ ಕೀಲಿಕೈ ಕೊಡುವುದು, ಈರುಳ್ಳಿ ಮೂಸಿಸುವುದು ಬೇಡ. ಬಾಯಿಗೆ ಚಮಚವನ್ನೂ ನೀರನ್ನೂ ಹಾಕಲೇಬಾರದು. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ 108ಕ್ಕೆ ಕರೆ ಮಾಡಿ. ಬೇಕರಿ ಕೆಲಸಕ್ಕೆ ಬೇಗ ಏಳಬೇಕಾದರೆ ರಾತ್ರಿ ಬೇಗ ಮಲಗಿಸಿ. ನಿದ್ದೆಗೆಟ್ಟರೂ ಮಾತ್ರೆ ತಪ್ಪಿದರೂ ಫಿಟ್ಸ್ ಬರುವ ಸಂಭವ ಹೆಚ್ಚು.

ಪುನರ್ವಸತಿ ಕಾರ್ಯಕರ್ತ, ತುಮಕೂರು ಜಿಲ್ಲೆ

ಕಾಗದಪತ್ರದ ಮಾತು. ಯುಡಿಐಡಿ ಇರುವುದರಿಂದ ಸರ್ಕಾರದ ಆನ್‌ಲೈನ್ ಸೇವೆಗಳ ತಾಣವಾದ ಸೇವಾಸಿಂಧುವಿನಲ್ಲಿ ರಿಯಾಯಿತಿ ಬಸ್ ಪಾಸಿಗೆ ಅರ್ಜಿ ಹಾಕಿ. ಮಾಸಾಶನ ಬರುತ್ತಿದ್ದರೆ ಅದಕ್ಕೆ ಆದಾಯದ ಮಿತಿ ಇದೆ. ಸಂಬಳ ಶುರುವಾಗುವ ಮುಂಚೆ ನಾಡಕಚೇರಿಯಲ್ಲಿ ಈಗಿನ ಮಿತಿ ಕೇಳಿಕೊಳ್ಳಿ. ಸಂಬಳ ಅವನ ಹೆಸರಿನ ಖಾತೆಗೇ ಬರಲಿ. ಬ್ಯಾಂಕಿನವರು ಪೋಷಕತ್ವದ ಪತ್ರ ಕೇಳಿದರೆ, 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಅದನ್ನು ಕೊಡುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಅವಧಿಗೆ ಮಾತ್ರ ಸೀಮಿತ ಪೋಷಕತ್ವವೂ ಇದೆ. ಅವನಿಗೆ ತಿಳಿಯುವ ವಿಷಯದಲ್ಲಿ ಸಹಿಯ ಹಕ್ಕನ್ನು ಸುಮ್ಮನೆ ಬಿಟ್ಟುಕೊಡಬೇಡಿ. ನಿಮ್ಮ ತಾಲ್ಲೂಕಿನ ಎಂ.ಆರ್.ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ) ಅವರನ್ನು ಕಂಡರೆ ಅರ್ಜಿಗಳಿಗೆ ನೆರವಾಗುತ್ತಾರೆ.

ಕೇಳಿದವರು

ಎಲ್ಲರಿಗೂ ನಮಸ್ಕಾರ. ತಟ್ಟೆ ಮಾಡಿಸಲು ಇವತ್ತೇ ಹೇಳುತ್ತೇನೆ. ಬಸ್ಸು ಹೇಗೆ ಕಲಿಸುವುದು? ಅಲ್ಲಿಯವರು ಅವನನ್ನು ದೂರ ಕೂರಿಸಿದರೆ?

ವಿಶೇಷ ಶಿಕ್ಷಕಿ, ದಾವಣಗೆರೆ

ಬಸ್ಸನ್ನು ಹಿಂದಿನಿಂದ ಕಲಿಸಿ. ಮೊದಲು ಇಳಿಯುವ ನಿಲ್ದಾಣದಿಂದ ಬೇಕರಿವರೆಗೆ ಒಬ್ಬನೇ ನಡೆಯಲಿ, ನೀವು ಇಪ್ಪತ್ತು ಹೆಜ್ಜೆ ಹಿಂದೆ. ಅದು ಗಟ್ಟಿಯಾದ ಮೇಲೆ ಇಳಿಯುವುದು, ಆಮೇಲೆ ಹತ್ತುವುದು. ಇಳಿಯುವ ಜಾಗಕ್ಕಿಂತ ಒಂದು ನಿಲ್ದಾಣ ಮುಂಚೆ ಕಾಣುವ ಗುರುತು ಹಿಡಿಸಿ, ದೇವಸ್ಥಾನವೋ ಪೆಟ್ರೋಲ್ ಬಂಕೋ. ಬಸ್ಸಿನ ಬಣ್ಣ ಕಲಿಸಬೇಡಿ, ಎಲ್ಲವೂ ಒಂದೇ ಥರ ಇರುತ್ತವೆ. ಬೇಕೆಂದೇ ಒಮ್ಮೆ ಬಸ್ಸು ತಪ್ಪಿಸಿ, ಆಗ ಏನು ಮಾಡಬೇಕು ಎಂದು ನೀವಿರುವಾಗಲೇ ಅಭ್ಯಾಸ ಮಾಡಿಸಿ. ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇರಲಿ.

ದೂರ ಕೂರಿಸುವುದು ಹೆಚ್ಚಾಗಿ ಚಹಾದ ಹೊತ್ತಿನಲ್ಲಿ ಶುರುವಾಗುತ್ತದೆ. ಮನೆಯಿಂದ ಫ್ಲಾಸ್ಕ್ ಕಳಿಸಬೇಡಿ, ಎಲ್ಲರ ಜೊತೆ ಅದೇ ಚಹಾ ಕುಡಿಯಲಿ. ಎಲ್ಲರ ಥರದ ಏಪ್ರನ್ ಹಾಕಲಿ, ಆಯುಧಪೂಜೆಯ ಚಂದಾ ಅವನ ಸಂಬಳದಿಂದಲೂ ಹೋಗಲಿ. ನೀವೇ ಅಲ್ಲಿ 'ನಮ್ಮ ಪಾಪು' ಎಂದು ಕರೆದರೆ ಉಳಿದವರೂ ಹಾಗೇ ಕರೆಯುತ್ತಾರೆ, ಹೆಸರು ಹಿಡಿದೇ ಕರೆಯಿರಿ.