ಅಪ್‌ಡೇಟ್: ಹಳ್ಳಿಗಳ ನಡುವಿನ ನಡಿಗೆ-ಸೈಕಲ್ ದಾರಿ

ಎರಡು ಹಳ್ಳಿಗಳ ನಡುವೆ ನಡೆಯುವವರಿಗೂ ಸೈಕಲ್‌ನವರಿಗೂ ದಾರಿ ಎಲ್ಲಿರಬೇಕು, ಮುಖ್ಯರಸ್ತೆ ಪಕ್ಕದಲ್ಲೋ ಹೊಲದಂಚಿನಲ್ಲೋ ಎಂದು ಕೇಳಿದ್ದೆ. ಹೊಲದಂಚನ್ನೇ ಆರಿಸಿದ್ದೇವೆ. ಸ್ವಲ್ಪ ಸುತ್ತು, ನಿಜ. ಆದರೆ ರಸ್ತೆ ಪಕ್ಕದಲ್ಲಿ ಉದ್ದನೆಯ ಏರು ಇದೆ. ಅಂಥ ಏರು ಶೇ. 5 (ಅಂದರೆ 100 ಮೀಟರ್ ಹೋದರೆ 5 ಮೀಟರ್ ಎತ್ತರ) ದಾಟಿದರೆ ಮಕ್ಕಳು, ವಯಸ್ಸಾದವರು ಇಳಿದು ಸೈಕಲ್ ತಳ್ಳಬೇಕಾಗುತ್ತದೆ. ಗಾಲಿಕುರ್ಚಿಯವರಿಗಂತೂ ಇನ್ನೂ ಕಷ್ಟ ಅಲ್ವಾ? ಅಗಲ 3 ಮೀಟರ್ ಇಟ್ಟಿದ್ದೇವೆ. ಮಳೆನೀರು ನಿಲ್ಲದಂತೆ ಒಂದು ಬದಿಗೆ ಶೇ. 2ರಷ್ಟು ಇಳಿಜಾರು.

ಜಾಸ್ತಿ ಚರ್ಚೆಯಾಗಿದ್ದು ರಸ್ತೆ ದಾಟುವ ಜಾಗದ ಬಗ್ಗೆ. ತಿರುವಿನ ಹತ್ತಿರ ಬೇಡವೇ ಬೇಡ ಎಂದವರಿಗೆ ತುಂಬಾ ಥ್ಯಾಂಕ್ಸ್. ವೇಗವಾಗಿ ಬರುವ ವಾಹನ ಎರಡೂ ಕಡೆಯಿಂದ ದೂರದಲ್ಲೇ ಕಾಣುವಲ್ಲಿಗೆ ಅದನ್ನು ಸರಿಸಿದ್ದೇವೆ. ಒಬ್ಬ ಜಮೀನುದಾರರ ಒಪ್ಪಿಗೆ ಇನ್ನೂ ಬಾಕಿ ಇದೆ, ಮಾತುಕತೆ ನಡೆಯುತ್ತಿದೆ.