ಬೆಕ್ಕಿಗೆ ಮನೆಯಲ್ಲೇ ಶುಗರ್ ನೋಡಿ ಗೊತ್ತಿರುವವರು ದಯವಿಟ್ಟು ಹೇಳಿ

ಪ್ರಶ್ನೆ: ನಮ್ಮ 11 ವರ್ಷದ ಗಂಡು ಬೆಕ್ಕಿಗೆ ಸಕ್ಕರೆ ಕಾಯಿಲೆ. ಗ್ಲಾರ್ಜಿನ್ ಇನ್ಸುಲಿನ್ ಬೆಳಿಗ್ಗೆ 1 ಯೂನಿಟ್, ರಾತ್ರಿ 1 ಯೂನಿಟ್ ಶುರು ಮಾಡಿ ನಾಲ್ಕು ದಿನ ಆಯಿತು. ಶುಗರ್ ನೋಡಲು ಕಿವಿಗೆ ಚುಚ್ಚಿದರೆ ಹೆಚ್ಚಿನ ಸಲ ರಕ್ತದ ಹನಿಯೇ ಬರುವುದಿಲ್ಲ. ಬಂದಾಗ ಬೆಳಿಗ್ಗೆ 340ರ ಹತ್ತಿರ ತೋರಿಸುತ್ತದೆ. ಡೋಸ್ ಜಾಸ್ತಿ ಮಾಡಬೇಕಾ?

ಉತ್ತರ: ಬೇಡ, ಈಗಲೇ ಡೋಸ್ ಮುಟ್ಟಬೇಡಿ. ಬೆಳಗಿನ 340 ಅಂದರೆ ರಾತ್ರಿಯ ಡೋಸಿನ ಕೆಲಸ ಮುಗಿಯುತ್ತಾ ಬಂದ ಹೊತ್ತಿನ ಅಂಕಿ, ಅಷ್ಟೆ. ನಡುವೆ ಎಷ್ಟಕ್ಕೆ ಇಳಿದಿತ್ತು ಅನ್ನುವುದನ್ನು ಅದು ಹೇಳುವುದಿಲ್ಲ. ಇಡೀ ರಾತ್ರಿ 280ಕ್ಕಿಂತ ಕೆಳಗೆ ಬರದ ಬೆಕ್ಕಿಗೂ ಬೆಳಿಗ್ಗೆ 340 ಇರಬಹುದು, ನಡುರಾತ್ರಿ 60ಕ್ಕೆ ಕುಸಿದು ಮತ್ತೆ ಏರಿದ ಬೆಕ್ಕಿಗೂ ಇರಬಹುದು. ಮೊದಲನೆಯದಕ್ಕೆ ಡೋಸ್ ಏರಿಸಬೇಕು, ಎರಡನೆಯದಕ್ಕೆ ಇಳಿಸಬೇಕು. ತಪ್ಪಾಗಿ ಏರಿಸಿದರೆ ಪ್ರಾಣಕ್ಕೇ ಅಪಾಯ.

ಅದಕ್ಕೇ ಒಂದು ದಿನ ಕೂತು ಪೂರ್ತಿ ಏರಿಳಿತ ಬರೆದಿಡಿ. ಊಟಕ್ಕೂ ಸೂಜಿಗೂ ಮುಂಚೆ ಒಂದು ಸಲ, ಆಮೇಲೆ ಎರಡೆರಡು ಗಂಟೆಗೆ, 12 ಗಂಟೆ ತುಂಬುವವರೆಗೆ. ಅಷ್ಟು ಆಗದಿದ್ದರೆ ಸೂಜಿಗೆ ಮುಂಚೆ, ಆಮೇಲೆ 4, 6, 8ನೇ ಗಂಟೆಗೆ. ಅತಿ ಕೆಳಗಿನ ಅಂಕಿ ಸಾಮಾನ್ಯವಾಗಿ ಈ ಹೊತ್ತಲ್ಲೇ ಸಿಗುತ್ತದೆ. ಅದು 80ರಿಂದ 150ರ ಒಳಗೆ, ದಿನದ ಹೆಚ್ಚಿನ ಹೊತ್ತು 300ರ ಕೆಳಗೆ ಇದ್ದರೆ ಚೆನ್ನಾಗಿ ನಡೆಯುತ್ತಿದೆ ಅಂತ ಅರ್ಥ. ಗ್ಲಾರ್ಜಿನ್ ಮೈಗೆ ಹೊಂದಿಕೊಳ್ಳಲು 5ರಿಂದ 7 ದಿನ ಬೇಕು. ಆ ಬರಹ ಡಾಕ್ಟರಿಗೆ ತೋರಿಸಿದರೆ ಅವರು ಸಾಮಾನ್ಯವಾಗಿ ಅರ್ಧ ಅರ್ಧ ಯೂನಿಟ್‌ನಲ್ಲಿ ಬದಲಿಸುತ್ತಾರೆ.

ಉತ್ತರ: ಹನಿ ಬರದಿರುವುದಕ್ಕೆ ಮುಖ್ಯ ಕಾರಣ ತಣ್ಣಗಿರುವ ಕಿವಿ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ (ಕಿವಿ ಒದ್ದೆಯಾಗಬಾರದು), ನಿಮ್ಮ ಮಣಿಕಟ್ಟಿಗೆ ಇಟ್ಟು ಸುಡುವುದಿಲ್ಲ ಅಂತ ನೋಡಿಕೊಂಡು, ಒಂದು ನಿಮಿಷ ಕಿವಿಗೆ ಒತ್ತಿ ಹಿಡಿಯಿರಿ.

ಆಮೇಲೆ ಕಿವಿಯನ್ನು ಬೆಳಕಿಗೆ ಹಿಡಿದರೆ ಅಂಚಿನಗುಂಟ ದಾರದಷ್ಟು ತೆಳ್ಳಗಿನ ರಕ್ತನಾಳ ಕಾಣುತ್ತದೆ. ಚುಚ್ಚಬೇಕಾದ್ದು ಅದಕ್ಕಲ್ಲ, ಅದಕ್ಕೂ ಅಂಚಿಗೂ ನಡುವಿನ ಸಣ್ಣ ಪಟ್ಟಿಗೆ. ಹಿಂದೆ ಮಡಿಸಿದ ಹತ್ತಿ ಇಟ್ಟುಕೊಳ್ಳಿ, ಸೂಜಿ ಆಚೆ ಬಂದು ನಿಮ್ಮ ಬೆರಳಿಗೆ ಚುಚ್ಚದಿರಲಿ. ಮನುಷ್ಯರ ಬೆರಳಿಗೆ ಬಳಸುವ 30, 33 ಗೇಜಿನ ಲ್ಯಾನ್ಸೆಟ್ (ಚುಚ್ಚುವ ಸಣ್ಣ ಸೂಜಿ) ಇನ್ನೂ ಚುಚ್ಚಿ ಅಭ್ಯಾಸವಾಗದ ಕಿವಿಗೆ ಸಾಲದು. ಮೊದಲ ಕೆಲವು ವಾರ 26 ಅಥವಾ 28 ತೆಗೆದುಕೊಳ್ಳಿ. ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ಸೂಜಿ ದಪ್ಪ. ಚುಚ್ಚುವ ಮುಂಚೆ ಆ ಜಾಗಕ್ಕೆ ವ್ಯಾಸಲೀನ್ ತೀರಾ ತೆಳ್ಳಗೆ ಸವರಿದರೆ ರಕ್ತ ಕೂದಲಿಗೆ ಹರಡದೆ ಮಣಿಯಂತೆ ನಿಲ್ಲುತ್ತದೆ. ಸ್ಟ್ರಿಪ್ಪಿನ ತುದಿಯನ್ನು ಹನಿಯ ಪಕ್ಕಕ್ಕೆ ತಾಗಿಸಿ, ಅದೇ ಎಳೆದುಕೊಳ್ಳುತ್ತದೆ. ಮುಗಿದ ಮೇಲೆ ಹತ್ತಿಯಿಂದ 10–15 ಸೆಕೆಂಡ್ ಒತ್ತಿ ಹಿಡಿಯದಿದ್ದರೆ ಕಿವಿ ಕಂದಿಹೋಗುತ್ತದೆ.

ಸ್ಪಿರಿಟ್ ಹಚ್ಚಬೇಡಿ, ಅಂಕಿ ತಪ್ಪುತ್ತದೆ. ಎರಡು ಸಲಕ್ಕಿಂತ ಹೆಚ್ಚು ಪ್ರಯತ್ನವೂ ಬೇಡ. ಬೆಕ್ಕು ಹೆದರಿ ಕೊಸರಾಡಿದರೆ ಆ ಭಯಕ್ಕೇ ಶುಗರ್ ಏರುತ್ತದೆ. ಹನಿ ಬರಲಿ ಬಿಡಲಿ, ಪ್ರತಿ ಸಲವೂ ಮುದ್ದು ಮಾಡಿ ಕಳಿಸಿ.

ಉತ್ತರ: ಮೀಟರ್ ಯಾವುದು ಅಂತ ಹೇಳಲಿಲ್ಲ. ಮನುಷ್ಯರ ಮೀಟರ್ ಬೆಕ್ಕಿನ ರಕ್ತಕ್ಕೆ ಸಾಮಾನ್ಯವಾಗಿ ಕಡಿಮೆ ತೋರಿಸುತ್ತದೆ. ಪ್ರಾಣಿಗಳ ಮೀಟರ್ ಆದರೆ ಬೆಕ್ಕಿನ ರಕ್ತಕ್ಕೆ ಹೊಂದಿಸುವ ಕೋಡ್ ಹಾಕಿದ್ದೀರಾ ನೋಡಿ. ಯಾವುದಾದರೂ ಒಂದನ್ನೇ ಬಳಸಿ, ಎರಡರ ಅಂಕಿ ಬೆರೆಸಬೇಡಿ. ಚರ್ಮಕ್ಕೆ ಅಂಟಿಸುವ 14 ದಿನದ ಸೆನ್ಸರ್ ಬೆಕ್ಕಿನ ಮೈಮೇಲೆ ಎಷ್ಟೋ ಸಲ ಮುಂಚೆಯೇ ಉದುರುತ್ತದೆ. ಅದು ತೀರಾ ಕಡಿಮೆ ತೋರಿಸಿದಾಗ ಕಿವಿಯ ರಕ್ತದಲ್ಲಿ ಖಚಿತಪಡಿಸಿಕೊಳ್ಳಬೇಕು.

ಉತ್ತರ: ಸಿರಿಂಜ್ ಬಗ್ಗೆ ಯಾರೂ ಹೇಳಿಲ್ಲ, ದೊಡ್ಡ ಅನಾಹುತ ಆಗುವುದೇ ಅಲ್ಲಿ. ಗ್ಲಾರ್ಜಿನ್ ಸಾಮಾನ್ಯವಾಗಿ ಯು-100, ಅಂದರೆ 1 ಮಿಲಿಯಲ್ಲಿ 100 ಯೂನಿಟ್. ಪ್ರಾಣಿಗಳಿಗೆಂದೇ ಬರುವ ಕೆಲವು ಇನ್ಸುಲಿನ್ ಯು-40, ಅಂದರೆ 1 ಮಿಲಿಯಲ್ಲಿ 40 ಯೂನಿಟ್. ಯು-100 ಇನ್ಸುಲಿನ್ನನ್ನು ಯು-40 ಸಿರಿಂಜಲ್ಲಿ 1 ಗೆರೆಗೆ ಎಳೆದರೆ ಬೆಕ್ಕಿಗೆ ಹೋಗುವುದು ಎರಡೂವರೆ ಯೂನಿಟ್. ಬಾಟಲಿ, ಸಿರಿಂಜ್ ಎರಡರ ಮೇಲೂ ಒಂದೇ ಸಂಖ್ಯೆ ಇರಬೇಕು. ಅರ್ಧ ಯೂನಿಟ್ ಗೆರೆಯಿರುವ 0.3 ಮಿಲಿ ಸಿರಿಂಜ್ ಕೇಳಿ ತೆಗೆದುಕೊಳ್ಳಿ. ಯು-100ರಲ್ಲಿ 1 ಯೂನಿಟ್ ಅಂದರೆ ಬರೀ 0.01 ಮಿಲಿ. ಸಾಸಿವೆಕಾಳಿನಷ್ಟು ಗಾಳಿಗುಳ್ಳೆ ಉಳಿದರೂ ಡೋಸಿನ ಒಂದು ಪಾಲು ಹೋಯಿತು.

ಪಕ್ಕೆಯ ಚರ್ಮ ಎತ್ತಿ ಹಿಡಿದು ಬುಡಕ್ಕೆ ಚುಚ್ಚಿ, ದಿನಾ ಜಾಗ ಬದಲಿಸಿ. ಕೂದಲು ಒದ್ದೆಯಾಗಿ ಔಷಧದ ವಾಸನೆ ಬಂದರೆ ಸೂಜಿ ತಪ್ಪಿದೆ ಅಂತ ಅರ್ಥ. ಆಗ ಇನ್ನೊಂದು ಸಲ ಕೊಡಲೇಬೇಡಿ, ಎಷ್ಟು ಒಳಗೆ ಹೋಗಿದೆ ಅಂತ ಗೊತ್ತಿರುವುದಿಲ್ಲ. ಒಂದು ಡೋಸ್ ತಪ್ಪಿದರೆ ತಡೆದುಕೊಳ್ಳುತ್ತದೆ, ಎರಡು ಬಿದ್ದರೆ ಕಷ್ಟ.

ಉತ್ತರ: ಸೂಜಿಗೆ ಮುಂಚೆ 200ಕ್ಕಿಂತ ಕೆಳಗೆ ಬಂದರೆ ಊಟ ಕೊಡದೆ 20–30 ನಿಮಿಷ ಕಾದು ಮತ್ತೆ ನೋಡಿ. ಏರದಿದ್ದರೆ ಸೂಜಿ ಬಿಟ್ಟು ಡಾಕ್ಟರಿಗೆ ಫೋನ್ ಮಾಡಿ. ಊಟ ಮುಟ್ಟದಿದ್ದರೂ ಹಾಗೇ, ಕೇಳದೆ ಪೂರ್ತಿ ಡೋಸ್ ಕೊಡಬೇಡಿ.

60ಕ್ಕಿಂತ ಕೆಳಗೆ ಬಂದರೆ, ಅಥವಾ ಬೆಕ್ಕು ತೂರಾಡಿದರೆ, ನಡುಗಿದರೆ, ಕಾಯಬೇಡಿ. ತಿನ್ನುವ ಸ್ಥಿತಿಯಲ್ಲಿದ್ದರೆ ತಕ್ಷಣ ಊಟ ಇಡಿ. ತಿನ್ನದಿದ್ದರೆ ಜೇನುತುಪ್ಪ ಅಥವಾ ಗ್ಲೂಕೋಸಿನ ಪಾಕವನ್ನು ಬೆರಳಲ್ಲಿ ತೆಗೆದು ವಸಡಿಗೆ ಉಜ್ಜಿ. ಫಿಟ್ಸ್ ಬಂದಾಗ ಬಾಯಿಗೆ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ, ಬೆರಳಿಗೂ ಕಚ್ಚಬಹುದು. 15 ನಿಮಿಷಕ್ಕೊಮ್ಮೆ ಅಳೆಯುತ್ತಾ ಆಸ್ಪತ್ರೆಗೆ ಹೊರಡಿ. ಇನ್ಸುಲಿನ್ ಇನ್ನೂ ಮೈಯಲ್ಲಿರುವುದರಿಂದ ಚೇತರಿಸಿದ ಬೆಕ್ಕೂ ಮತ್ತೆ ಕುಸಿಯಬಹುದು.

ಉತ್ತರ: ಒಣ ಕಾಳಿನಂಥ ಕ್ಯಾಟ್ ಫುಡ್‌ನಿಂದ ಪಿಷ್ಟ ಕಡಿಮೆ ಇರುವ ತೇವದ (ವೆಟ್) ಕ್ಯಾಟ್ ಫುಡ್‌ಗೆ ಬದಲಿಸುವುದು ಒಳ್ಳೆಯದು, ಆದರೆ ಇನ್ಸುಲಿನ್ ನಡೆಯುತ್ತಿರುವಾಗ ಹೇಳದೆ ಬದಲಿಸಬೇಡಿ. ಊಟವೊಂದರಿಂದಲೇ ಶುಗರ್ ಇಳಿದು, ನಿನ್ನೆ ಸರಿಯಿದ್ದ ಡೋಸ್ ಇವತ್ತು ಹೆಚ್ಚಾಗಬಹುದು. ಡಾಕ್ಟರಿಗೆ ತಿಳಿಸಿ, ನಿಧಾನವಾಗಿ ಬದಲಿಸಿ, ಆ ದಿನಗಳಲ್ಲಿ ಹೆಚ್ಚು ಸಲ ಅಳೆಯಿರಿ. ಕೆಲವು ಬೆಕ್ಕುಗಳಿಗೆ ಹೀಗೆ ಇನ್ಸುಲಿನ್ನೇ ಬೇಡವಾಗುವುದೂ ಉಂಟು. ಇನ್ನೊಂದು, ಮೂತ್ರದ ಕೀಟೋನ್ (ಇನ್ಸುಲಿನ್ ಸಾಲದಾಗ ಮೈ ಕೊಬ್ಬು ಕರಗಿಸುವುದರಿಂದ ಸೇರುವ ಅಪಾಯಕಾರಿ ವಸ್ತು) ನೋಡುವ ಸ್ಟ್ರಿಪ್ ಮನೆಯಲ್ಲಿರಲಿ. ಶುಗರ್ ಏರಿದ್ದು, ಬೆಕ್ಕು ಊಟ ಬಿಟ್ಟು, ವಾಂತಿ ಮಾಡಿ, ಮಂಕಾಗಿ ಕೂತು, ಸ್ಟ್ರಿಪ್ಪಿನ ಬಣ್ಣವೂ ತಿರುಗಿದರೆ ಬೆಳಗಾಗುವವರೆಗೆ ಕಾಯದೆ ಕರೆದುಕೊಂಡು ಹೋಗಿ.