ಎಸ್ಪೆರಾಂಟೊ: ‘ಕೆ’ ಬಳಸಿದಾಗ ನನ್ನ ವಾಕ್ಯದ ಅರ್ಥ ಏಕೆ ತಿರುಗುತ್ತದೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಎಸ್ಪೆರಾಂಟೊ ಎಂಬ ಕೃತಕ ಭಾಷೆಯ ‘ಕೆ’ ಎಂಬ ಅವ್ಯಯವು ನಮ್ಮ ‘ಎಂದು’ವಿಗೆ ಸಮಾನವೆಂದು ನಂಬಿ, ಪತ್ರಮಿತ್ರರೊಬ್ಬರಿಗೆ ‘ಮಿಯಾ ಫ್ರಾತೊ ದಿರಿಸ್, ಕೆ ಮಿ ವೇನೋಸ್’ ಎಂದು ಬರೆದೆ. ‘ನಾನು ಬರುತ್ತೇನೆ ಎಂದು ಅಣ್ಣ ಹೇಳಿದ’ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಅವರು ಮರುದಿನವೇ, ನಾನು ಯಾವ ರೈಲಿಗೆ ಬರುತ್ತೇನೆಂದು ವಿಚಾರಿಸಿದರು. ‘ಮಳೆ ಬರುತ್ತದೆಂದು ಕೊಡೆ ತೆಗೆದುಕೊಂಡೆ’ ಎಂಬುದಕ್ಕೆ ಬರೆದ ‘ಮಿ ಪ್ರೇನಿಸ್ ಓಂಬ್ರೇಲೊನ್, ಕೆ ಪ್ಲುವೋಸ್’ ಎಂಬ ವಾಕ್ಯವಂತೂ ಅವರಿಗೆ ಅರ್ಥವೇ ಆಗಲಿಲ್ಲ. ತಪ್ಪು ಎಲ್ಲಿದೆ?

ಉತ್ತರ:
ತಮ್ಮ ವ್ಯಾಕರಣದಲ್ಲಿ ದೋಷವಿಲ್ಲ. ‘ಎಂದು’ವಿನ ಮೇಲೆ ಇಟ್ಟ ನಂಬಿಕೆಯಲ್ಲಿ ಇದೆ. ಕನ್ನಡದ ‘ಎಂದು’ ಆಡಿದವರ ಮಾತನ್ನು ಇದ್ದಂತೆಯೇ ಎತ್ತಿ ತರುತ್ತದೆ. ಆದ್ದರಿಂದ ಅಣ್ಣನ ‘ನಾನು’ ಅಣ್ಣನೇ ಆಗಿ ಉಳಿಯುತ್ತಾನೆ. ‘ಕೆ’ ಬಂದ ಕೂಡಲೇ ಮಾತು ಬರೆಯುವವರದಾಗುತ್ತದೆ. ಅಲ್ಲಿ ‘ಮಿ’ ಎಂದರೆ ತಾವೇ. ‘ಕೆ ಲಿ (ಅವನು) ವೇನೋಸ್’ ಎಂದು ಬರೆದಿದ್ದರೆ ರೈಲಿನ ಪ್ರಶ್ನೆ ಹುಟ್ಟುತ್ತಿರಲಿಲ್ಲ.

ವಿಚಿತ್ರವೆಂದರೆ, ಸರ್ವನಾಮ ಬದಲಾದರೂ ಕಾಲ ಬದಲಾಗುವುದಿಲ್ಲ. ಅಣ್ಣ ಭವಿಷ್ಯತ್ಕಾಲದಲ್ಲಿ ಆಡಿದ್ದರಿಂದ, ‘ದಿರಿಸ್’ ಭೂತಕಾಲವಾದರೂ ‘ವೇನೋಸ್’ ಹಾಗೆಯೇ ಉಳಿಯುತ್ತದೆ. ರಷ್ಯನ್ನಿನ ರೂಢಿಯೂ ಇದೇ. 1887ರಲ್ಲಿ ಈ ಭಾಷೆಯನ್ನು ಪ್ರಕಟಿಸಿದ ಜಾಮೆನ್‌ಹಾಫರು ಆ ಭಾಷೆಯ ನಡುವೆಯೇ ಬೆಳೆದವರು. ಇಂಗ್ಲಿಷಿನಲ್ಲಿ ಕಾಲವನ್ನು ಹಿಂದಕ್ಕೆ ಸರಿಸಿ ಅಭ್ಯಾಸವಾದವರು ಇಲ್ಲಿ ಎಡವುತ್ತಾರೆ. ಕನ್ನಡಿಗರು ತಮ್ಮ ಕಿವಿಯನ್ನೇ ನಂಬಬಹುದು.

ಇನ್ನು ಮಳೆಯ ವಿಷಯ. ಅಲ್ಲಿನ ‘ಎಂದು’ ಕಾರಣವನ್ನು ಹೇಳುತ್ತದೆ, ‘ಕೆ’ಗೆ ಒಂಟಿಯಾಗಿ ಆ ಶಕ್ತಿಯಿಲ್ಲ, ಕಾರಣಕ್ಕೆ ‘ಚಾರ್’ ಇದೆ. ಆದರೆ ‘ಚಾರ್ ಪ್ಲುವೋಸ್’ ಎಂದರೆ ಮಳೆ ಬರುವುದು ಖಚಿತವೆಂದಂತೆ. ಅದು ತಮ್ಮ ಎಣಿಕೆ ಮಾತ್ರವಾಗಿದ್ದರೆ ‘ಚಾರ್ ಮಿ ಪೇನ್ಸಿಸ್, ಕೆ ಪ್ಲುವೋಸ್’ ಎನ್ನುವುದು ಹೆಚ್ಚು ಪ್ರಾಮಾಣಿಕ. ‘ಓದಲೆಂದು ಬಂದೆ’ ಎನ್ನುವಲ್ಲಿ ‘ಪೋರ್ ಲೇಗಿ’ ಸಾಕು.

ಮತ್ತೊಬ್ಬರ ಉತ್ತರ:
ಬಯಕೆ, ಅಪ್ಪಣೆ, ಕೋರಿಕೆಗಳ ನಂತರ ‘ಕೆ’ ಬಂದರೆ ಕ್ರಿಯಾಪದವು ‘ಉ’ಕಾರಾಂತವಾಗಬೇಕು: ‘ಮಿ ವೋಲಾಸ್, ಕೆ ಲಿ ವೇನು’. ‘ಅವನು ಬರಲಿ ಎಂದು ಬಯಸುತ್ತೇನೆ’ ಎನ್ನುವಾಗ ನಾವು ಹಾಕುವ ‘-ಅಲಿ’ಯ ಕೆಲಸವನ್ನೇ ಆ ‘ಉ’ ಮಾಡುತ್ತದೆ. ‘ಅವನಿಗೆ ತಿಳಿಯಲಿ ಎಂದು’ ಎಂಬ ಉದ್ದೇಶಾರ್ಥಕ್ಕೂ ‘ಪೋರ್ ಕೆ ಲಿ ಸ್ತ್ಸೀಉ’ ಎಂದೇ ಬರೆಯುತ್ತೇವೆ.

ಪ್ರಶ್ನಿಸಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ‘ನಾನು ಓದಿದ ಪುಸ್ತಕ’ ಎನ್ನಲು ‘ಲಾ ಲೀಬ್ರೊ, ಕೆ ಮಿ ಲೇಗಿಸ್’ ಸರಿಯೇ? ನನ್ನ ಪಠ್ಯ ಇಂಗ್ಲಿಷಿನಲ್ಲಿದ್ದು, ಎರಡೂ ಕಡೆ ‘ದಟ್’ ಎಂಬ ಒಂದೇ ಪದವನ್ನು ತೋರಿಸುತ್ತದೆ.

ಉತ್ತರ:
ಸರಿಯಲ್ಲ, ಅಲ್ಲಿ ‘ಕೀಉನ್’ ಬರಬೇಕು. ಸಂದೇಹ ಬಂದಾಗ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ, ‘ಎಂಬ’ ಹೊಂದುತ್ತದೆಯೇ ಎಂದು ನೋಡಿ. ‘ಅವನು ಬರುತ್ತಾನೆ ಎಂಬ ಸುದ್ದಿ’ ಹೊಂದುತ್ತದೆ. ಆದುದರಿಂದ ‘ಲಾ ನೊವಾಝೊ, ಕೆ ಲಿ ವೇನೋಸ್’. ‘ನಾನು ಓದಿದೆ ಎಂಬ ಪುಸ್ತಕ’ ಎಂದು ಯಾರೂ ಹೇಳುವುದಿಲ್ಲ. ಅಂದಹಾಗೆ, ‘ಕೆ’ಯ ಹಿಂದಿನ ಅಲ್ಪವಿರಾಮವನ್ನು ತಾವು ಎಲ್ಲೂ ಬಿಟ್ಟಿಲ್ಲ, ಅದು ರೂಢಿಗೆ ಸರಿಯಾಗಿದೆ.